ಎಂಟು ಕೇಜಿ ಗಾಳಿ

ಮಿಕ್ಸಿ ಕೊಳ್ಳುತ್ತೇನೆಂದರೆ ಕಡೂರಿನಲ್ಲಿ ನಾಲ್ಕು ಜನ ಸಲಹೆ ಕೊಟ್ಟಾರು, ಕಾರು ಎಂದರೆ ಹತ್ತು ಜನ. ಏರ್ ಕಂಪ್ರೆಸರ್ ಕೊಳ್ಳುತ್ತೇನೆ ಅಂತ ಬಾಯಿಬಿಟ್ಟು ನೋಡಿ, ಊರಿಗೆ ಊರೇ ಬಂದು ಜಗಲಿ ಮೇಲೆ ಕೂರುತ್ತೆ. ಯಾಕೆಂದರೆ ಈ ಸೀಮೆಯಲ್ಲಿ ಅದರ ಸಹವಾಸ ಇಲ್ಲದವರಿಲ್ಲ. ಹೆದ್ದಾರಿಯ ಪಂಕ್ಚರ್ ಅಂಗಡಿ ಮುಂದೆ ಬಿಸಿಲಿಗೆ ಕಾದು ನಿಂತವರು, ಬೋರ್ ಫ್ಲಷಿಂಗ್ ಮಾಡಿಸುವಾಗ ಮೈಗೆಲ್ಲ ಕೆಸರು ಹಾರಿಸಿಕೊಂಡವರು, ಬೀರೂರು ಜಂಕ್ಷನ್‌ನಲ್ಲಿ ರೈಲಿನ ಬ್ರೇಕು ‘ಬುಸ್’ ಅಂದದ್ದಕ್ಕೆ ಬೆಚ್ಚಿ ಕಾಫಿ ಚೆಲ್ಲಿಕೊಂಡವರು, ಎಲ್ಲರೂ ಗಾಳಿಯ ವಿಷಯದಲ್ಲಿ ಅನುಭವಸ್ಥರೇ.

ನನ್ನ ಅಗತ್ಯ ಬಲು ಸಣ್ಣದು. ಕೊಬ್ಬರಿಗೆಂದು ಅಪ್ಪ ಕಟ್ಟಿಸಿದ್ದ ಅಟ್ಟದ ಕೆಳಗೆ, ನಿವೃತ್ತಿಯಾದ ಮೇಲೆ, ನಾನೊಂದು ಮರಗೆಲಸದ ಮೂಲೆ ಮಾಡಿಕೊಂಡಿದ್ದೇನೆ. ಹಳೇ ಕುರ್ಚಿ, ಬಾಗಿಲು, ತೊಟ್ಟಿಲುಗಳನ್ನು ಉಜ್ಜಿ ಪಾಲಿಶ್ ಹಾಕುವುದು ಕೆಲಸ. ಬ್ರಷ್ಷಿನಲ್ಲಿ ಹಾಕಿದರೆ ಗೀರು ಕಾಣುತ್ತೆ, ಸ್ಪ್ರೇ ಗನ್ ಆದರೆ ಕನ್ನಡಿಯಂತೆ ಬರುತ್ತೆ. ಜೊತೆಗೆ ಹೊಟ್ಟು ಊದುವುದು, ಸ್ಕೂಟರಿಗೆ ಗಾಳಿ. ಇಷ್ಟೇ.

“ಗಾಳಿಗೂ ದುಡ್ಡು ಸುರೀತೀರೇನ್ರೀ?” ಎಂದಳು ನನ್ನಾಕೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬಾಯ್ಲನ ನಿಯಮ ಪಾಠ ಮಾಡಿದವನು. 1662ರಿಂದ ಇದು ಜಗತ್ತಿಗೆ ಗೊತ್ತಿರುವ ಸಂಗತಿ, ಗಾಳಿಯನ್ನು ಒತ್ತಿಟ್ಟರೆ ಅದೂ ಒಂದು ಆಸ್ತಿ ಎಂದೆ. “ಒತ್ತೆ ಇಟ್ಟರೆ ದುಡ್ಡು ಬರುತ್ತಾ?” ಎಂದು ಕೇಳಿ ಒಳಗೆ ಹೋದಳು.

ಕಡೂರಿನ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಎಚ್‌ಪಿ ಕೊಡ್ಲಿ ಸಾರ್?” ಈ ಎಚ್‌ಪಿ ಎಂಬ ಕುದುರೆಯ ಲೆಕ್ಕ ನಮ್ಮ ಕಡೆಗೆ ಒಗ್ಗುವುದೇ ಇಲ್ಲ. ಬೆಣ್ಣೆ ಚಾವಡಿ ಎಂದು ಒಡೆಯರ ಕಾಲದಲ್ಲಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆದ ದನಗಳ ತಳಿ ಕೇಂದ್ರ ಪಕ್ಕದ ಅಜ್ಜಂಪುರದಲ್ಲೇ ಇದೆ. ಒಂದು ಜೊತೆ ಎತ್ತು ಎಳೆಯುವ ಶಕ್ತಿ ಸರಿಸುಮಾರು ಒಂದು ಎಚ್‌ಪಿ ಅಂತ ಕೃಷಿ ಎಂಜಿನಿಯರಿಂಗ್ ಪುಸ್ತಕಗಳೇ ಹೇಳುತ್ತವೆ. “ಎರಡು ಜೊತೆ ಎತ್ತಿನದು ಕೊಡಿ” ಎಂದಿದ್ದರೆ ಇಲ್ಲಿನ ರೈತನಿಗೆ ಥಟ್ಟನೆ ಅರ್ಥವಾಗುತ್ತಿತ್ತು.

ಅಂಗಡಿಯವರು ಆಯಿಲ್ ಇಲ್ಲದ್ದೊಂದು ಪುಟ್ಟ ಕೆಂಪು ಮೆಷಿನ್ನನ್ನು ಕೌಂಟರಿನ ಮುಂದಿಟ್ಟು ಸ್ವಿಚ್ ಒತ್ತಿದರು. ಮೋಟಾರಿಗೇ ಪಿಸ್ಟನ್ ಜೋಡಿಸಿದ ಜಾತಿ. ನಿಮಿಷಕ್ಕೆ 2800 ಸುತ್ತು. ಎದುರಿನ ಬೇಕರಿಯಲ್ಲಿ ಬನ್ನು ತಿನ್ನುತ್ತಿದ್ದವರು ಎದ್ದು ಹೊರಗೆ ಬಂದರು. “ಸೌಂಡ್ ಸ್ವಲ್ಪ ಇದೆ,” ಎಂದು ಅಂಗಡಿಯವರು ಕೂಗಿದ್ದು ತುಟಿಯ ಚಲನೆಯಿಂದ ತಿಳಿಯಿತು. ಗೇಜಿನ ಮುಳ್ಳು ಮೆಲ್ಲಗೆ ಏರಿತು. ಹೊರಸುತ್ತಿನಲ್ಲಿ ಪಿಎಸ್‌ಐ, ಒಳಸುತ್ತಿನಲ್ಲಿ ಕೇಜಿ. ಎಂಟಕ್ಕೆ ಬಂದು ‘ಟಕ್’ ಎಂದು ನಿಂತಿತು. “ಎಂಟು ಕೇಜಿ ಸಾರ್!” ಎಂದರು, ತಕ್ಕಡಿಯಲ್ಲಿ ತೂಗಿಕೊಟ್ಟವರ ಹಾಗೆ.

ಎಂಟು ಕೇಜಿ ಎಂದರೆ ಚದರ ಸೆಂಟಿಮೀಟರಿಗೆ ಎಂಟು ಕಿಲೋ ಒತ್ತಡ, ಸುಮಾರು 114 ಪಿಎಸ್‌ಐ. ಬೀರೂರಿನಲ್ಲಿ ನಿಂತ ಅಷ್ಟುದ್ದದ ರೈಲಿನ ಬ್ರೇಕ್ ಪೈಪಿನಲ್ಲಿ ಇರುವುದೇ ಐದು ಕೇಜಿ. ಸ್ಕೂಟರಿಗೆ ಎರಡು ಚಿಲ್ಲರೆ, ಪಾಲಿಶ್ ಗನ್ನಿಗೆ ಎರಡು ಮೂರು. ಹಾಗಾದರೆ ಒತ್ತಡಕ್ಕೆ ಬಡತನವೇನೂ ಇಲ್ಲ. ಮತ್ತೆ ಈ ಜನ ದೊಡ್ಡದು, ದೊಡ್ಡದು ಎಂದು ಬಡಿದುಕೊಳ್ಳುವುದು ಏಕೆ?

ಉತ್ತರ ಸಿಕ್ಕಿದ್ದು ತರೀಕೆರೆಯಲ್ಲಿ, ಕಾರುಗಳಿಗೆ ಪೇಂಟ್ ಹೊಡೆಯುವ ಮಿಸ್ತ್ರಿಯ ಶೆಡ್ಡಿನಲ್ಲಿ. “ಒತ್ತಡ ಬಿಡಿ ಮೇಷ್ಟ್ರೇ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತೆ ಅನ್ನೋದು ಮುಖ್ಯ, ಅಂದ್ರೆ ಸಿಎಫ್‌ಎಂ. ಗನ್ನು ಒತ್ತಿದರೆ ಗಾಳಿ ಕುಡಿಯುತ್ತೆ, ನಿಮ್ಮ ಕೆಂಪು ಮೆಷಿನ್ನು ಒಂದು ಕುರ್ಚಿ ಕಾಲು ಮುಗಿಯೋದ್ರೊಳಗೆ ಉಸ್ಸಂತ ಕೂತ್ಕೊಳ್ಳುತ್ತೆ. ಕಂಪನಿಯೋರು ಲೇಬಲ್ ಮೇಲೆ ಬರೆಯೋದು ಪಿಸ್ಟನ್ ಎಳೆದುಕೊಳ್ಳೋ ಗಾಳಿ, ಪೈಪಿಗೆ ಬರೋ ಗಾಳಿ ಅಲ್ಲ. ಮಧ್ಯದಲ್ಲಿ ಕಾಲು ಭಾಗ, ಮೂರನೇ ಒಂದು ಭಾಗ ಹೋಗೇ ಹೋಗುತ್ತೆ.” ಮಂಜೂರಾದ ಅನುದಾನಕ್ಕೂ ಊರಿಗೆ ತಲುಪಿದ ರಸ್ತೆಗೂ ಇರುವ ಅಂತರ ನನಗೆ ನೆನಪಾಯಿತು, ಹೇಳಲಿಲ್ಲ.

ನಿಜವಾದ ಗಾಳಿ ಎಷ್ಟೆಂದು ಕಂಡುಹಿಡಿಯುವ ಉಪಾಯವನ್ನೂ ಅವನೇ ಹೇಳಿಕೊಟ್ಟ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಕಾಕ್ ಮುಚ್ಚಿ, ಮೊಬೈಲಿನಲ್ಲಿ ಸಮಯ ಹಿಡಿದು ಸ್ವಿಚ್ ಹಾಕುವುದು. ನೂರು ಲೀಟರಿನ ಟ್ಯಾಂಕು ಎಂಟು ಕೇಜಿಗೆ ಬಂತೆಂದರೆ ಒಳಗೆ ಹೋದದ್ದು ಎಂಟುನೂರು ಲೀಟರ್ ಗಾಳಿ. ಅದಕ್ಕೆ ಐದು ನಿಮಿಷ ಹಿಡಿದರೆ ನಿಮಿಷಕ್ಕೆ 160 ಲೀಟರ್, ಅಂದರೆ ಐದೂವರೆ ಸಿಎಫ್‌ಎಂಗೆ ತುಸು ಮೇಲೆ. ಬಾಯ್ಲನ ನಿಯಮ ಇಷ್ಟು ಚೊಕ್ಕವಾಗಿ ನಾನು ತರಗತಿಯಲ್ಲಿ ಹೇಳಿರಲಿಲ್ಲ.

“ಆದರೆ ನೀರಿನ ವಿಷಯ ಮರೀಬೇಡಿ,” ಎಂದ. ಗಾಳಿಯನ್ನು ಹಿಂಡಿ ತಣ್ಣಗಾಗಿಸಿದರೆ ಅದರೊಳಗಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತೆ. ಬಿಡದಿದ್ದರೆ ಒಳಗೆ ತುಕ್ಕು, ಹೊರಗೆ ಪೇಂಟಿನಲ್ಲಿ ಗುಳ್ಳೆ. ಮಲೆನಾಡಿನ ಸೆರಗಿನ ತರೀಕೆರೆಯಲ್ಲಿ ಮಳೆಗಾಲದ ತುಂಬ ಇದೇ ಗೋಳು. ಬಗ್ಗಿ ಟ್ಯಾಂಕಿನಡಿಯ ಕಾಕ್ ಬಿಚ್ಚಿ ತೋರಿಸಿದ. ಕಷಾಯದ ಬಣ್ಣದ ನೀರು ಎಣ್ಣೆಯ ಕಣ್ಣುಗಳ ಸಮೇತ ನೆಲದ ಮೇಲೆ ಹರಿಯಿತು. ಇಷ್ಟೆಲ್ಲ ಹೇಳಿ ಕೊನೆಗೆ, “ನೀವು ಮೂರು ಎಚ್‌ಪಿದೇ ತಗೊಳ್ಳಿ,” ಎಂದ. ನಾನು ಬಣ್ಣ ಹೊಡೆಯುವುದು ತೊಟ್ಟಿಲಿಗೆ, ಟೆಂಪೋಗಲ್ಲ ಎಂಬುದು ಅವನಿಗೆ ನೆನಪಿರಲಿಲ್ಲ. ಸಲಹೆ ಕೇಳಿದರೆ ಪ್ರತಿಯೊಬ್ಬನೂ ತನ್ನ ಕಷ್ಟಕ್ಕೆ ಮದ್ದು ಹೇಳುತ್ತಾನೆಂದು ಆಗಲೇ ನನಗೆ ಗುಮಾನಿ ಬಂದದ್ದು.

ಅಜ್ಜಂಪುರದ ಭಾಮೈದನಂತೂ ಫೋನಿನಲ್ಲೇ ಬೈದ. “ದುಡ್ಡು ಯಾಕೆ ಹಾಳು ಮಾಡ್ತೀರಾ ಭಾವ? ನಮ್ಮ ತೋಟದ್ದೇ ಬಿದ್ದಿದೆ, ತಗೊಂಡು ಹೋಗಿ.” ಅವನದು ಕಂಪ್ರೆಸರ್ ಬೋರು. ಒಂದು ಪೈಪಿನಲ್ಲಿ ಗಾಳಿಯನ್ನು ತಳಕ್ಕೆ ಬಿಟ್ಟರೆ, ಇನ್ನೊಂದು ಪೈಪಿನ ನೀರು ಗುಳ್ಳೆಗಳ ಜೊತೆ ಸೇರಿ ಹಗುರಾಗಿ, ಕೆಮ್ಮುತ್ತಾ ಉಗುಳುತ್ತಾ ಮೇಲೆ ಬರುತ್ತೆ. ಕರೆಂಟು ಜಾಸ್ತಿ ತಿನ್ನುತ್ತೆ, ನಿಜ. ಆದರೆ ಬೋರಿನೊಳಗೆ ಸುಡುವ ಮೋಟಾರೇ ಇಲ್ಲ, ಮರಳು ಬಂದರೂ ಚಿಂತೆಯಿಲ್ಲ, ಕಡಿಮೆ ನೀರಿನ ಬೋರುಗಳಿಗೆ ಅದೇ ಗತಿ. ಹೋಗಿ ನೋಡಿದೆ. ಐದು ಎಚ್‌ಪಿ, ತ್ರೀ ಫೇಸು, ಮೇಲೆ ಕೋಳಿ ಮಲಗಿತ್ತು. ಇದನ್ನು ಕೊಟ್ಟರೆ ಈರುಳ್ಳಿಗೆ ನೀರು? “ಬೋರೇ ಬತ್ತಿ ಹೋಯ್ತಲ್ಲ ಭಾವ. ಈಗ ಗಾಳಿ ಬಿಟ್ರೆ ಗಾಳಿನೇ ವಾಪಸ್ ಬರುತ್ತೆ. ಭದ್ರೆ ನಮ್ಮೂರ ಸುರಂಗದಲ್ಲೇ ಹಾದು ವಾಣಿವಿಲಾಸ ಡ್ಯಾಮಿಗೆ ಹೋಗ್ತಾಳೆ. ನಮಗೆ ದರ್ಶನ ಮಾತ್ರ.” ನಮ್ಮ ಮನೆಗಿರುವುದು ಸಿಂಗಲ್ ಫೇಸ್ ಎಂಬ ನೆಪ ಹೇಳಿ ತಪ್ಪಿಸಿಕೊಂಡೆ. ಕೋಳಿಗೂ ಸಮಾಧಾನವಾದಂತೆ ಕಂಡಿತು.

ಸಿಂಗಲ್ ಫೇಸ್ ಬರಿಯ ನೆಪವೂ ಅಲ್ಲ. ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತೆ. ಸಂಜೆಯ ಸಪ್ಪೆ ವೋಲ್ಟೇಜಿನಲ್ಲಿ ಮೂರು ಎಚ್‌ಪಿ ಹಾಕಿದರೆ ಮೋಟಾರು ಗುಂಯ್‌ಗುಡುತ್ತಾ ನಿಂತೇ ಇರುತ್ತೆ, ಮನೆಯ ದೀಪ ಮಿಣುಕುತ್ತೆ, ಟಿವಿ ಆರುತ್ತೆ. ಆಮೇಲಿನದನ್ನು ಸಂಸಾರಸ್ಥರಿಗೆ ವಿವರಿಸಬೇಕಿಲ್ಲ. ಕೊನೆಗೆ ಎರಡು ಎಚ್‌ಪಿಯದು, ಬೆಲ್ಟ್ ಇರುವುದು, ಆಯಿಲ್ ಹಾಕುವುದು, ನೂರು ಲೀಟರಿಗೆ ಮೇಲಿನ ಟ್ಯಾಂಕು, ಕೆಳಗೆ ಗಾಲಿ ಎಂದು ತೀರ್ಮಾನವಾಯಿತು. ಬೆಲ್ಟಿನದು ನಿಧಾನ ತಿರುಗುತ್ತೆ, ಹಾಗಾಗಿ ಸದ್ದು ಕಡಿಮೆ. ಬರಿ ಊದುವುದಕ್ಕೆ, ಗಾಲಿಗೆ ಎಂದಾದರೆ ಆ ಕೆಂಪು ಮೆಷಿನ್ನೇ ಧಾರಾಳ ಸಾಕು. ಬಣ್ಣದ ಗನ್ನು ಹಿಡಿಯುವವರು ಮಾತ್ರ ಜೇಬು ಸಡಿಲಿಸಬೇಕು. ನನ್ನಾಕೆಯ ಒಪ್ಪಿಗೆಗೆ ಒಂದೇ ಷರತ್ತು: ಧಾರಾವಾಹಿಯ ಹೊತ್ತಿನಲ್ಲಿ ಸ್ವಿಚ್ಚಿಗೆ ಕೈ ಹಾಕಕೂಡದು.

ಅಂದಿನಿಂದ ಓಣಿಯ ಗಾಲಿಗಳೆಲ್ಲ ನನ್ನವು. ಮಕ್ಕಳ ಸೈಕಲ್ಲು, ಹಾಲಿನವನ ಮೊಪೆಡ್ಡು, ಯಾರದೋ ಮದುವೆಗೆ ಬಲೂನು. ತೊಟ್ಟಿಲು ಇನ್ನೂ ಅರ್ಧ ಪಾಲಿಶ್‌ನಲ್ಲೇ ಇದೆ.

ಮೊನ್ನೆ ಭಾಮೈದ ಬಂದಿದ್ದ. ಸುತ್ತು ಹಾಕಿ ನೋಡಿ, ಬೆಲ್ಟು ಮುಟ್ಟಿ, ಗಾಲಿ ಒದ್ದು, ಕೊನೆಗೆ ಕುಕ್ಕರುಗಾಲಲ್ಲಿ ಕೂತು ತಳದ ಕಾಕ್ ತಿರುಗಿಸಿದ. ಶ್ರಾವಣದ ತೇವವೆಲ್ಲ ಸೇರಿ ಅರ್ಧ ಲೋಟ ನೀರು ಸುರಿಯಿತು. ಅವನು ತಲೆಯೆತ್ತಿ ನನ್ನ ಮುಖವನ್ನೇ ನೋಡಿದ.

“ಸರಿಯಾಗೇ ಆರಿಸಿದೀರಿ ಭಾವ. ಇದರಲ್ಲಿ ನೀರು ಬರುತ್ತೆ.”