ನಾಲ್ಕು ಸುತ್ತು ಕಡಿಮೆ

(ಶಿರಸಿಯ ಯಲ್ಲಾಪುರ ರಸ್ತೆಯಲ್ಲೊಂದು ಗ್ಯಾರೇಜು. ಶ್ರಾವಣ ಹುಟ್ಟಿದೆ, ಮಳೆ ಮಾತ್ರ ಇನ್ನೂ ಆಷಾಢ ಬಿಟ್ಟು ಕದಲಿಲ್ಲ. ಹಳೇ ಸ್ವಿಫ್ಟೊಂದು ಮುಂದಿನ ಚಕ್ರ ಬಿಚ್ಚಿಸಿಕೊಂಡು ಜಾಕಿನ ಮೇಲೆ ನಿಂತಿದೆ. ಪಕ್ಕದಲ್ಲಿ ಬಾಬು ಮೇಸ್ತ್ರಿ, ಸಿದ್ದಾಪುರ ಕಡೆಯ ಅಡಿಕೆ ತೋಟದ ಸುಮಂತ. ಚಾಲಿ ದರ ವಿಚಾರಿಸಲು ಪೇಟೆಗೆ ಬಂದ ಸೋದರಮಾವ ಗಪ್ಪಣ್ಣ ಹೆಗಡೆ ಕೊಡೆ ಮಡಚುತ್ತ ಒಳಬರುತ್ತಾರೆ.)

ಗಪ್ಪಣ್ಣ: ತಮಾ, ಈ ಬಿಲ್ಲೆ ಎಂತದೋ?

ಸುಮಂತ: ಸ್ಪೇಸರು ಮಾವ. ಹಬ್ಬಿಗೂ ಚಕ್ರಕ್ಕೂ ಮಧ್ಯ ಇಡದು. ಚಕ್ರ ಹೊರಗೆ ಬತ್ತು, ಗಾಡಿ ಅಗಲ ಕಾಣ್ತು.

ಗಪ್ಪಣ್ಣ: ಗಾಡಿ ಅಗಲ ಮಾಡಲಕ್ಕು. ನಮ್ಮನೆ ದಣಪೆ ಅಗಲ ಮಾಡವು ಯಾರು?

ಸುಮಂತ: ಆಯ್ತವಾರ ಯಲ್ಲಾಪುರಕ್ಕೆ ಕೂಸು ನೋಡಲೆ ಹೋಪದಲ್ದ?

ಗಪ್ಪಣ್ಣ: ಕೂಸು ನೋಡದು ಮಾಣಿನ್ನನಾ, ಚಕ್ರನ್ನನಾ?

ಸುಮಂತ: ಮಾಣಿನ್ನ ನೋಡಿದವೆಲ್ಲ ಬೆಂಗ್ಳೂರಿಗೆ ಮದುವೆ ಆಗಿ ಹೋದ ಮಾವ. ಈ ಸಲ ಚಕ್ರನ್ನೇ ನೋಡ್ಲಿ.

(ತೋಟದ ಮಾಣಿಗೆ ಹೆಣ್ಣು ಸಿಗದ ಸೀಮೆಯಲ್ಲಿ ಈ ವಾದಕ್ಕೆ ಉತ್ತರ ಕೊಡುವುದು ಗಪ್ಪಣ್ಣನಂಥ ಗಪ್ಪಣ್ಣನಿಗೂ ಕಷ್ಟ.)

ಬಾಬು: ಹೆಗ್ಡೇರೇ, ಇವ್ರು ಎರಡು ಸೆಟ್ಟು ತರಿಸಿದ್ದಾರೆ. ಒಂದು 5 ಎಂಎಂ, ಒಂದು 20. ಐದರದ್ದು ಹಾಕಿದ್ರೆ ಯಾರಿಗೂ ಕಾಣೋದಿಲ್ಲ. ಇಪ್ಪತ್ತರದ್ದು ಹಾಕಿದ್ರೆ ಎಲ್ಲರಿಗೂ ಕಾಣ್ತದೆ, ಚಕ್ರ ಮಾತ್ರ ಕೂರೋದಿಲ್ಲ.

ಸುಮಂತ: ಎಂತಕ್ಕೆ ಕೂರ್ತಿಲ್ಲೆ?

ಬಾಬು: ಇಪ್ಪತ್ತರದ್ದಕ್ಕೆ ಅದರದ್ದೇ ಸ್ಟಡ್ಡು ಉಂಟು. ಮೊದಲು ಅದನ್ನ ಹಬ್ಬಿಗೆ ಬಿಗೀಬೇಕು, ಅದರ ಮೇಲೆ ಚಕ್ರ. ಆದ್ರೆ ಕಾರಿನ ಹಳೇ ಸ್ಟಡ್ಡಿನ ತುದಿ ಸ್ಪೇಸರ್ ದಾಟಿ ಹೊರಗೆ ಮೂಗು ಹಾಕ್ತದೆ. ಕೆಲವು ಅಲಾಯ್ ಚಕ್ರದ ಬೆನ್ನಲ್ಲಿ ಅದಕ್ಕೆ ಗುಳಿ ಇರ್ತದೆ. ನಿಮ್ಮದು ಕಂಪನಿ ಕೊಟ್ಟ ಕಬ್ಬಿಣದ ಚಕ್ರ. ಗುಳಿ ಎಲ್ಲಿಂದ ತರೋದು?

ಸುಮಂತ: ಹಂಗಾರೆ ಐದರದ್ದೇ ಹಾಕಿ.

ಬಾಬು: ಹಾಕ್ತೆ. ಲೆಕ್ಕ ಮಾತ್ರ ನೀವೇ ಮಾಡಿ. ಸ್ಟಡ್ಡಿನ ಮರೆ ಒಂದಕ್ಕೊಂದು 1.25 ಎಂಎಂ ದೂರ. ನಟ್ಟು ಒಂದು ಸುತ್ತು ತಿರುಗಿದ್ರೆ ಅಷ್ಟೇ ಮುಂದೆ ಹೋಗೋದು. ನಡುವೆ ಐದು ಎಂಎಂ ಬಿಲ್ಲೆ ಕೂತ್ರೆ ನಟ್ಟಿನ ಹಿಡಿತ ಎಷ್ಟು ಸುತ್ತು ಕಡಿಮೆ?

ಸುಮಂತ: ...ನಾಲ್ಕು.

ಗಪ್ಪಣ್ಣ: ತಲೆಲ್ಲಿ ಮೊದ್ಲೇ ಕಡಿಮೆ ಇತ್ತು. ಈಗ ಚಕ್ರದಲ್ಲೂ!

ಬಾಬು: ಉದ್ದ ಸ್ಟಡ್ಡು ಹಾಕಿಸಿದ್ರೆ ಅದೂ ಸರಿಯಾಗ್ತದೆ. ಇಲ್ಲೊಂದು ನೋಡಿ, ನಡುತೂತು. ಸ್ವಿಫ್ಟಿನ ಹಬ್ಬಿಗೆ 54.1 ಎಂಎಂ ಬೇಕು. ಇದು ಎಲ್ಲ ಗಾಡಿಗೂ ಆಗ್ಲಿ ಅಂತ ದೊಡ್ಡದಾಗಿ ಕೊರೆದದ್ದು. ಎಲ್ಲರ ಕಾಲಿಗೂ ಒಪ್ಪೋ ಚಪ್ಪಲಿ ಇದ್ದಹಾಗೆ. ಒಂದು ಕೂದಲೆಳೆ ಓರೆ ಕೂತ್ರೂ ಮಂಚಿಕೇರಿ ಮುಟ್ಟೋದ್ರೊಳಗೆ ಸ್ಟೇರಿಂಗ್ ನಡುಗೋಕೆ ಶುರು.

ಗಪ್ಪಣ್ಣ: ಅಲ್ದಾ ಬಾಬು, ಟ್ರ್ಯಾಕ್ಟರಿನ ಹಿಂದಿನ ಚಕ್ರ ತಿರುವಿ ಹಾಕಿ ಅಗಲ ಮಾಡ್ತ್ವಲಿ. ಅದಕ್ಕೆಂತ ಆಗ್ತಿಲ್ಲೆ?

ಬಾಬು: ಟ್ರ್ಯಾಕ್ಟರ್ ಮಾಡಿದವ್ರೇ ಅದಕ್ಕೆ ಜಾಗ ಇಟ್ಟಿರ್ತಾರೆ. ಪೋರ್ಷೆಯವ್ರೂ 911 ಕಾರಿಗೆ 5 ಎಂಎಂ ಸ್ಪೇಸರ್ ಕೊಟ್ಟದ್ದುಂಟು, ತಕ್ಕ ಉದ್ದದ ಬೋಲ್ಟಿನ ಜೊತೆ. ಇವ್ರು ಬರೇ ಬಿಲ್ಲೆ ತಂದಿದ್ದಾರೆ.

ಸುಮಂತ: ಅಗಲ ಆದ್ರೆ ದೇವಿಮನೆ ಘಟ್ಟದ ತಿರುವಲ್ಲಿ ಗಾಡಿ ಭದ್ರ ಹೇಳಿ ವಿಡಿಯೋದಲ್ಲಿ ಹೇಳಿದ್ದ.

ಬಾಬು: ಓಲಾಟ ಒಂಚೂರು ಕಡಿಮೆಯಾಗ್ತದೆ, ಸುಳ್ಳಲ್ಲ. ಆದ್ರೆ ಚಕ್ರ ಹೊರಗೆ ಹೋದಷ್ಟೂ ಬೇರಿಂಗಿಗೆ ಹೇರು ಜಾಸ್ತಿ. ಹೊಂಡಕ್ಕೆ ಬಿದ್ರೆ ಸ್ಟೇರಿಂಗು ಕೈಯಿಂದ ಕಿತ್ಕೊಳ್ತದೆ. ಟಯರು ಮಡ್‌ಗಾರ್ಡಿನ ಆಚೆ ಬಂತೋ, ಕೆಂಪು ರಾಡಿಯೆಲ್ಲ ಬಾಗಿಲಿಗೆ. ಹೆಣ್ಣಿನ ಮನೆ ಅಂಗಳಕ್ಕೆ ಗದ್ದೆ ಹೂಡಿದ ಎಮ್ಮೆ ಬಂತು ಅಂದ್ಕೊಳ್ತಾರೆ.

ಗಪ್ಪಣ್ಣ: ಕಾನೂನು ಎಂತ ಹೇಳ್ತು?

ಬಾಬು: 1988ರ ಮೋಟಾರು ವಾಹನ ಕಾಯ್ದೆ, 52ನೇ ಕಲಮು. ಕಂಪನಿ ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿ ಬದಲಾಯಿಸಬಾರದು. 2019ರ ತಿದ್ದುಪಡಿ ಮೇಲೆ ತಪ್ಪಿದವ್ರಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಸ್ಪೇಸರು ಅಂತ ಹೆಸರು ಹಿಡಿದು ಬರೆದಿಲ್ಲ. ಟಯರು ಹೊರಗೆ ಇಣುಕಿದ್ರೆ ನೋಡೋರ ಕಣ್ಣಿಗಂತೂ ಬೀಳ್ತದೆ.

ಸುಮಂತ: ನಾಲ್ಕು ಚಕ್ರ ಅಂದ್ರೆ ನಾಲ್ಕು ಮಾರ್ಪಾಡೋ, ಒಂದೋ?

ಬಾಬು: ಅದು ಬ್ರೇಕ್ ಇನ್ಸ್‌ಪೆಕ್ಟರ್ ಹೇಳ್ಬೇಕು.

ಗಪ್ಪಣ್ಣ: ಹಂಗಾರೆ ಆಯ್ತವಾರ ಅವನ್ನೇ ಕೇಳಿದ್ರಾತು.

ಸುಮಂತ: ಯಾರನ್ನ?

ಗಪ್ಪಣ್ಣ: ಕೂಸಿನ ಅಪ್ಪನ್ನ. ಸರ್ಕಾರಿ ನೌಕರಿಂದ ನಿವೃತ್ತ ಹೇಳಿದ್ನಲಾ. ಎಂತ ನೌಕರಿ ಹೇಳಿ ನೀನು ಕೇಳಿದ್ದೇ ಇಲ್ಲೆ.

(ಮಳೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.)

ಸುಮಂತ: ಮೇಸ್ತ್ರಿ, ಚಕ್ರ ಮೊದ್ಲಿನಂಗೇ ಹಾಕಿ.

ಬಾಬು: ಗಾಜಿನ ಕಪ್ಪು ಫಿಲ್ಮು?

ಸುಮಂತ: ಕಿತ್ತು ಬಿಡಿ.

ಬಾಬು: ಸೈಲೆನ್ಸರು? ಆ ಎರಡು ಸ್ವರದ ಹಾರ್ನು? ನಂಬರ್ ಪ್ಲೇಟಿನ ಮೇಲಿನ ಹುಲಿ?

ಸುಮಂತ: ಎಲ್ಲಾ. ಆಯ್ತವಾರದೊಳಗೆ.

ಬಾಬು: ಹಾಗಾದ್ರೆ ಹೆಗ್ಡೇರೇ, ಯಲ್ಲಾಪುರಕ್ಕೆ ಫೋನ್ ಮಾಡಿ, ಹೆಣ್ಣು ನೋಡೋದು ಒಂದು ವಾರ ಮುಂದೆ ಹಾಕಿ.