ಸರಣಿರಾಯರ ಸೂತಕ

ದಪ್ಪ ಪುಸ್ತಕ ಓದಿ ಮುಗಿಸಿದವರು ಅದನ್ನು ಮುಚ್ಚಿಟ್ಟು ಕಾಫಿ ಕೇಳುತ್ತಾರೆ. ದಪ್ಪ ಪುಸ್ತಕಗಳ ಸರಣಿಯನ್ನೇ ಓದಿ ಮುಗಿಸಿದವರ ಮುಂದೆ ಕಾಫಿ ತಂದಿಟ್ಟರೂ, ಅದು ಆರಿ ಕೆನೆಗಟ್ಟುವವರೆಗೆ ಲೋಟವನ್ನೇ ನೋಡುತ್ತ ಕೂತಿರುತ್ತಾರೆ. ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನಿನಲ್ಲಿ, ಮೆಟ್ರೊದ ಬಾಗಿಲ ಪಕ್ಕದ ಮೂಲೆಯಲ್ಲಿ, ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳ ಮಹಡಿಗಳಲ್ಲಿ ಈ ಪಂಗಡದವರು ಧಾರಾಳವಾಗಿ ಸಿಗುತ್ತಾರೆ. ಗಡ್ಡ ಇದ್ದೀತು, ಇಲ್ಲದಿದ್ದೀತು. ಕಣ್ಣಲ್ಲಿ ಮಾತ್ರ ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದವರ ನೋಟ. ನಮ್ಮ ಕೆಳಮನೆಯಲ್ಲೇ ಒಬ್ಬರಿದ್ದಾರೆ. ನಿಜವಾದ ಹೆಸರು ಯಾಕೆ, ಸರಣಿರಾಯರು ಎನ್ನೋಣ.

ರಾಯರು ಮುಗಿಸಿದ್ದು ಅಮೆರಿಕದ ರಾಬರ್ಟ್ ಜೋರ್ಡನ್ ಬರೆದ 'ದ ವೀಲ್ ಆಫ್ ಟೈಮ್'. ಹದಿನಾಲ್ಕು ಸಂಪುಟ, ಅದು ಸಾಲದು ಎನ್ನುವವರಿಗೆ ಪೂರ್ವಕಥೆಯದೊಂದು ಬೇರೆ. ಒಟ್ಟು 40 ಲಕ್ಷಕ್ಕೂ ಹೆಚ್ಚು ಪದಗಳು. ಮೊದಲ ಸಂಪುಟ ಬಂದದ್ದು 1990ರಲ್ಲಿ, ಕೊನೆಯದು 2013ರಲ್ಲಿ. ನಡುವೆ, 2007ರಲ್ಲಿ, ಲೇಖಕರೇ ತೀರಿಕೊಂಡರು. ರಾಯರ ಹಾಲಿನಲ್ಲಿ ಟಿವಿಯ ಮೇಲಿನ ಹಲಗೆ ಪೂರ್ತಿ ಇವುಗಳದ್ದೇ. ಕೆಲವು ಹೊಸವು, ಕೆಲವು ಸೆಕೆಂಡ್‌ಹ್ಯಾಂಡ್. ಏಳನೆಯದರ ಬೆನ್ನು ಮುರಿದು ಕಂದು ಟೇಪು ಸುತ್ತಿಸಿಕೊಂಡಿದೆ. ಒಂಬತ್ತನೆಯದು ಮಾತ್ರ ಉಳಿದವಕ್ಕಿಂತ ಒಂದು ಬೆರಳು ಎತ್ತರ, ಅದೊಂದೇ ಬೇರೆ ಮುದ್ರಣದ್ದು. ಮನೆಗೆ ಬಂದವರು ಯಾರೂ ಅದನ್ನು ಗಮನಿಸುವುದಿಲ್ಲ. ರಾಯರು ಊಟಕ್ಕೆ ಕೂತಾಗಲೆಲ್ಲ ಅದನ್ನೇ ನೋಡುತ್ತಾರೆ.

ಮೊದಲ ಹದಿಮೂರು ಸಂಪುಟಗಳನ್ನು ಬಕಾಸುರ ಬಂಡಿಯನ್ನ ತಿಂದ ಹಾಗೆ ಓದಿದವರು ಕೊನೆಯದು ಕೈಗೆ ಬಂದದ್ದೇ ಪಥ್ಯಕ್ಕೆ ಇಳಿದರು. ದಿನಕ್ಕೆ ಎರಡು ಪುಟ. ಆಮೇಲೆ ಒಂದು. ಒಂದು ವಾರ ಪುಸ್ತಕಕ್ಕೆ ರಟ್ಟು ಹಾಕುವ ನೆಪದಲ್ಲೇ ಕಳೆಯಿತು. ಮುಗಿಸದೇ ಇದ್ದರೆ ಮುಗಿಯುವುದಿಲ್ಲ ಎಂಬುದು ಅವರ ತರ್ಕ. ತರ್ಕ ಸರಿಯಾಗಿಯೇ ಇದೆ. ಆದರೆ ಒಂದು ಶನಿವಾರ ರಾತ್ರಿ ಹೆಂಡತಿಗೆ "ಇದೊಂದು ಅಧ್ಯಾಯ ಓದಿ ಮಲಗ್ತೀನಿ" ಎಂದು ಮಾತು ಕೊಟ್ಟರು. ಪಾಪ, ಆಕೆ ನಂಬಿದರು. ಆ ಸಂಪುಟದಲ್ಲಿ ಕೊನೆಯ ಯುದ್ಧದ ಒಂದು ಅಧ್ಯಾಯವೇ ಇನ್ನೂರು ಪುಟದ ಹತ್ತಿರ ಹೋಗುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಹಾಲಿನವನು ಬಂದು ಗಂಟೆ ಒತ್ತಿದಾಗಲೂ ಮಾತು ಊರ್ಜಿತದಲ್ಲೇ ಇತ್ತು, ಅಧ್ಯಾಯ ಮುಗಿದಿರಲಿಲ್ಲ.

ಹಾಲು ತೆಗೆದುಕೊಳ್ಳಲು ಎದ್ದ ಅವರ ತಾಯಿ ಮಗನ ಬಿಕ್ಕಳಿಕೆ ಕೇಳಿ ಗಾಬರಿಯಾದರು.

"ಯಾರೋ ಹೋದದ್ದು?"

"ಎಗ್ವೀನ್."

"ನಿಮ್ಮ ಆಫೀಸಿನವಳೇನೋ?"

"ಅಲ್ಲಮ್ಮ. ಹಳ್ಳಿಯವಳು. ಅವರಪ್ಪ ಊರಲ್ಲಿ ಹೋಟೆಲು ಇಟ್ಟಿದ್ದ. ಚಿಕ್ಕವಳಿದ್ದಾಗಿಂದ ನೋಡಿದ್ದೆ."

"ಅಯ್ಯೋ ಪಾಪ. ಮದುವೆ ಆಗಿತ್ತೋ?"

"ಆಗಿತ್ತು. ಗಂಡನೂ ಹೋದ. ಅದೇ ಯುದ್ಧದಲ್ಲಿ."

"ಶಿವ ಶಿವಾ. ಮಿಲಿಟರಿಯಲ್ಲಿದ್ದನೇ?"

"ಅವನು ಅವಳ ಅಂಗರಕ್ಷಕ. ಅವಳು ಪೀಠಾಧಿಪತಿ."

ಅಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು. "ಹೆಂಗಸು ಪೀಠಾಧಿಪತಿ? ಮದುವೆ ಮಾಡಿಕೊಂಡು?"

ಒಳಗಿನಿಂದ ಸೊಸೆ, "ಅತ್ತೆ, ಅದು ಪುಸ್ತಕದಲ್ಲಿ" ಎಂದರು.

"ಪುಸ್ತಕದಲ್ಲಾದರೇನಮ್ಮ, ಹೆಣ್ಣುಮಗಳು ಹೋದಳಲ್ಲ" ಎಂದು ಅಮ್ಮ ಹಾಲು ಕಾಯಿಸಲು ಹೋದರು. ಆವತ್ತು ಮಧ್ಯಾಹ್ನ ಆ ಮನೆಯಲ್ಲಿ ಒಗ್ಗರಣೆ ಹಾಕದ ಸಾರು ಎಂದು ಕೇಳಿದೆ. ಬೇಕೆಂದೇ ಹಾಗೆ ಮಾಡಿದರೋ, ಸಾಸಿವೆ ಮುಗಿದಿತ್ತೋ, ಇಂದಿಗೂ ಇತ್ಯರ್ಥವಾಗಿಲ್ಲ.

(ಎಗ್ವೀನ್ ಸಾಯುತ್ತಾಳೆ ಎಂದು ಇಲ್ಲಿ ಬಯಲು ಮಾಡಿದ್ದಕ್ಕೆ ರಾಯರು ನನ್ನೊಡನೆ ಮಾತು ಬಿಡುತ್ತಾರೆ. ಬಿಡಲಿ. 2013ರ ಪುಸ್ತಕ.)

ಸೋಮವಾರ ರಾಯರು ರಜೆ ಹಾಕಿದರು. ಸಾವಿನ ದುಃಖವಾದರೆ ಒಂದು ದಾರಿಯಿದೆ. ಜನ ಬರುತ್ತಾರೆ, 'ಹೇಗಾಯಿತು' ಎಂದು ಕೇಳುತ್ತಾರೆ, ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಭಾರ ಇಳಿಯುತ್ತದೆ. ರಾಯರಿಗೆ ಆ ದಾರಿ ಮುಚ್ಚಿತ್ತು. ಸರಣಿ ಓದಿದವರಿಗೆ ಹೇಳಬೇಕಾಗಿಲ್ಲ, ಅವರಿಗೆಲ್ಲ ಗೊತ್ತು. ಓದದವರಿಗೆ ಹೇಳಬಾರದು, ಮುಂದೆ ಓದುವಾಗ ಕೆಡುತ್ತದೆ. ಹೀಗಾಗಿ ಭೂಲೋಕದಲ್ಲಿ ಅವರ ದುಃಖಕ್ಕೆ ಕಿವಿಯೇ ಇಲ್ಲದಂತಾಯಿತು. ಹೊಟ್ಟೆಯಲ್ಲಿ 40 ಲಕ್ಷ ಪದ ಇಟ್ಟುಕೊಂಡು ಮನುಷ್ಯ ಎಷ್ಟು ದಿನ ಓಡಾಡಬಲ್ಲ? ಮೆಟ್ಟಿಲಲ್ಲಿ ಸಿಕ್ಕಾಗ "ಏನು ರಾಯರೇ, ಸೊರಗಿದ್ದೀರಲ್ಲ" ಎಂದೆ. ಬಾಯಿ ತೆರೆದರು, ಮುಚ್ಚಿದರು. "ನೀವು ಓದ್ತೀರಾ?" ಎಂದು ಕೇಳಿದರು. ಇಲ್ಲ ಎಂದರೆ ಹೇಳಿಬಿಡುತ್ತಾರೆ, ಹೌದೆಂದರೆ ಹದಿನಾಲ್ಕು ಸಂಪುಟ ಹೊರಿಸುತ್ತಾರೆ. "ನೋಡೋಣ" ಎಂದು ಜಾರಿಕೊಂಡೆ.

ದುಃಖದಲ್ಲಿರುವವರು ಹೋದವರ ಗುಣಗಾನ ಮಾಡುವುದು ಲೋಕರೂಢಿ. ರಾಯರು ಅದನ್ನು ಹತ್ತನೆಯ ಸಂಪುಟಕ್ಕೆ ಮಾಡಿದರು. 'ಕ್ರಾಸ್‌ರೋಡ್ಸ್ ಆಫ್ ಟ್ವಿಲೈಟ್' ಎಂಬ ಆ 2003ರ ಪುಸ್ತಕ ಅಭಿಮಾನಿಗಳ ನಡುವೆ ಕುಖ್ಯಾತ. ಆರುನೂರು ಮೀರಿದ ಪುಟಗಳಲ್ಲಿ ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಸ್ನಾನವಾಗುತ್ತದೆ, ಚಹಾ ಆಗುತ್ತದೆ, ಹೆಂಗಸರು ಲಂಗ ಸರಿಪಡಿಸಿಕೊಳ್ಳುತ್ತಾರೆ. ಓದುವಾಗ ರಾಯರು ಲೇಖಕರ ವಂಶವನ್ನೇ ಜಾಲಾಡಿದ್ದನ್ನು ನಾನು ನೆಲದ ಮೂಲಕ ಕೇಳಿದ್ದೇನೆ. ಈಗ ಅದೇ ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು, "ಎಂಥ ಪುರುಸೊತ್ತು ಸರ್, ಎಂಥ ಪುರುಸೊತ್ತು! ಇನ್ನೂ ನಾಲ್ಕು ಸ್ನಾನ ಬರೆದಿದ್ದರೂ ಆಗ್ತಿತ್ತು" ಎನ್ನುತ್ತಾರೆ.

ಅವರ ಸಂಕಟಕ್ಕೆ ಇನ್ನೊಂದು ತೊಡಕೂ ಇದೆ. ಜೋರ್ಡನ್ ತೀರಿಕೊಂಡ ಮೇಲೆ, ಅವರ ಹೆಂಡತಿಯೂ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್ ಉಳಿದ ಕಥೆ ಮುಗಿಸಲು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕನನ್ನು ಆರಿಸಿದರು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳ ರಾಶಿ ಒಂದು ಪುಸ್ತಕಕ್ಕೆ ಅಡಗದೆ ಮೂರಾಯಿತು. ರಾಯರು ಆ ಮೂರರಲ್ಲೂ ಸಾಲಿನ ಮೇಲೆ ಬೆರಳಿಟ್ಟು, "ಇದು ಅವರದ್ದು, ಇದು ಇವನದ್ದು" ಎಂದು ಬೇರ್ಪಡಿಸುತ್ತಾರೆ. ಮ್ಯಾಟ್ ಎಂಬ ಪಾತ್ರದ ತಮಾಷೆ ಹನ್ನೆರಡನೆಯ ಸಂಪುಟದಿಂದ ಕೆಟ್ಟಿತು ಎಂಬುದು ಅವರ ಮುಖ್ಯ ದೂರು. "ಇದೇನು ಹೊಸದಲ್ಲ ಬಿಡಿ, ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರೆದ. ಬಾಣ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟು ಹೋದ, ಮಗ ಪೂರೈಸಿದ" ಎಂದು ಸಮಾಧಾನ ಹೇಳಿದೆ. ರಾಯರು ಬಹಳ ಹೊತ್ತು ಯೋಚಿಸಿದರು.

"ತಿಮ್ಮಣ್ಣನ್ನ ಈಗ ಯಾರು ಓದ್ತಾರೆ?"

"ಪರೀಕ್ಷೆಗೆ ಕೇಳಿದರೆ ಓದ್ತಾರೆ."

"ನೋಡಿದ್ರಾ!" ಎಂದರು, ಮುಖ ಅರಳಿತು. ಅಂದಿನಿಂದ ಅವರ ಬಾಯಲ್ಲಿ ಸ್ಯಾಂಡರ್ಸನ್ನನ ಹೆಸರು ತಿಮ್ಮಣ್ಣ. ನ್ಯಾಯವಾಗಿ ಹೇಳಬೇಕೆಂದರೆ ತಿಮ್ಮಣ್ಣ ಇಲ್ಲದಿದ್ದರೆ ರಾಯರಿಗೆ ಅಳುವ ಯೋಗವೇ ಬರುತ್ತಿರಲಿಲ್ಲ.

ಅದಕ್ಕೆ ಸಾಕ್ಷಿ ಅವರ ಗೆಳೆಯರೊಬ್ಬರು. ಇವರು ಜಾರ್ಜ್ ಆರ್. ಆರ್. ಮಾರ್ಟಿನ್ ಪಂಥದವರು. ಮಾರ್ಟಿನ್ನರ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಇವರು ಇನ್ನೂ ಕಾಯುತ್ತಿದ್ದಾರೆ. ಐದನೆಯದನ್ನು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕೂತು ಓದಿದವರಿಗೆ ಈಗ ಕಿವಿಯ ಹತ್ತಿರ ನರೆ. ಭಾನುವಾರ ಇಬ್ಬರೂ ದರ್ಶಿನಿಯ ಎತ್ತರದ ಟೇಬಲ್ಲಿಗೆ ಮೊಣಕೈ ಊರಿ ನಿಂತರೆಂದರೆ, ಹೆಂಡತಿ ಸತ್ತವನೂ ನಿಶ್ಚಿತಾರ್ಥವಾಗಿ ಮುಹೂರ್ತವೇ ಕೂಡಿಬರದವನೂ ಯಾರ ಕಷ್ಟ ದೊಡ್ಡದೆಂದು ವಾದಕ್ಕೆ ನಿಂತ ಹಾಗೆ. "ನಿನಗೆ ಮುಗೀತಲ್ಲ, ಪುಣ್ಯವಂತ" ಎನ್ನುತ್ತಾರೆ ಗೆಳೆಯರು. "ನಿನ್ನವರಿನ್ನೂ ಬದುಕಿದಾರಲ್ಲ" ಎನ್ನುತ್ತಾರೆ ರಾಯರು. ಬಿಲ್ಲು ಯಾರು ಕೊಡಬೇಕೆಂಬಲ್ಲಿಗೆ ಮಾತು ಬಂದಾಗ ಮಾತ್ರ ಇಬ್ಬರ ದುಃಖವೂ ಸಮನಾಗುತ್ತದೆ.

2021ರಲ್ಲಿ 'ದ ವೀಲ್ ಆಫ್ ಟೈಮ್' ಕಥೆ ಪ್ರೈಮ್ ವಿಡಿಯೊದಲ್ಲಿ ಧಾರಾವಾಹಿಯಾಗಿ ಬಂತು. ಪುಸ್ತಕದಲ್ಲಿ ಬ್ರಹ್ಮಚಾರಿಯಾಗಿಯೇ ಕಥೆಗೆ ಕಾಲಿಡುವ ಪೆರಿನ್ ಎಂಬ ಪಾತ್ರಕ್ಕೆ ಮೊದಲ ಕಂತಿನಲ್ಲೇ ಒಬ್ಬ ಹೆಂಡತಿಯನ್ನು ಕೊಟ್ಟು, ಅದೇ ಕಂತಿನಲ್ಲಿ ಅವನ ಕೈಯಿಂದಲೇ ಕೊಲ್ಲಿಸಿದರು. ರಾಯರು ರಿಮೋಟು ಎಸೆದರು. ಸೋಫಾದ ಮೇಲೆಯೇ, ರಿಮೋಟು ಹೊಸದು. ಮುಂದೆ ಒಂದು ಕಂತೂ ಬಿಡದೆ, ಬೈಯುತ್ತಲೇ, ಮೂರೂ ಸೀಸನ್ ನೋಡಿದರು. 2025ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದಾಗ ಉಳಿಸಿಕೊಡಿ ಎಂದು ಸಹಿ ಹಾಕಿದವರಲ್ಲೂ ಅವರಿದ್ದರು.

ಕೊನೆಗೆ ಕಿವಿ ಸಿಕ್ಕಿದ್ದು ಮನೆಯಲ್ಲೇ. ಜನ್ಮದಲ್ಲಿ ಆ ಪುಸ್ತಕ ಓದದವರು, ಓದಲು ಇಂಗ್ಲಿಷೂ ಬಾರದವರು, ಆದರೆ ಆ ಪೀಠಾಧಿಪತಿ ಹೆಂಗಸಿನ ಗತಿ ಏನಾಯಿತೆಂಬುದನ್ನು ಮರೆಯದವರು: ಅಮ್ಮ. ಸಂಜೆ ಅವರು ಹುರುಳಿಕಾಯಿ ನಾರು ತೆಗೆಯುತ್ತಿದ್ದರೆ ಮಗ ಎದುರು ಕೂತು ಹದಿನಾಲ್ಕು ಸಂಪುಟ ಒಪ್ಪಿಸತೊಡಗಿದ. ನಾಯಕ ರ್‍ಯಾಂಡ್‌ಗೆ ಮೂವರು ಹೆಂಗಸರು ಎಂದಾಗ ಅಮ್ಮ ಹುಬ್ಬೇರಿಸಲಿಲ್ಲ, "ದಶರಥನಿಗೂ ಮೂವರೇ" ಎಂದರು. ಕಾಲ ಚಕ್ರದಂತೆ ಸುತ್ತುತ್ತದೆ, ಯುಗಗಳು ಬಂದು ಹೋಗಿ ಮತ್ತೆ ಬರುತ್ತವೆ ಎಂದಾಗ, "ಇದನ್ನು ಹೇಳೋಕೆ ಅಮೆರಿಕದವನು ಬೇಕಿತ್ತೇನೋ" ಎಂದರು. ಕಡೆಯಲ್ಲಿ ರ್‍ಯಾಂಡ್‌ನ ದೇಹಕ್ಕೆ ಚಿತೆ ಹಚ್ಚುತ್ತಾರೆ, ಆದರೆ ಅವನು ವೈರಿಯ ದೇಹದಲ್ಲಿ ಬದುಕಿ ಸದ್ದಿಲ್ಲದೆ ಹೊರಟುಹೋಗುತ್ತಾನೆ. ಇದು ಹೇಗೆ ಸಾಧ್ಯ ಎಂದು ರಾಯರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

"ಪರಕಾಯ ಪ್ರವೇಶ ಕಣೋ" ಎಂದರು ಅಮ್ಮ, ಕಾಯಿಯಿಂದ ಕಣ್ಣೆತ್ತದೆ. "ಶಂಕರಾಚಾರ್ಯರು ಅಮರುಕ ರಾಜನ ದೇಹಕ್ಕೆ ಹೋಗಿರಲಿಲ್ವೇ? ಹೆಂಡಿರಿಗೆ ಗೊತ್ತಿತ್ತೋ?"

"ಮೂವರಿಗೂ ಗೊತ್ತಿತ್ತು."

"ಜಾಣೆಯರು. ಆಮೇಲೆ?"

"ಆಮೇಲೆ ಅವನು ಕುದುರೆ ಹತ್ತಿ ಹೋಗ್ತಾ ಮನಸ್ಸಿನಲ್ಲಿ ನೆನೆಸಿಕೊಳ್ತಾನೆ, ಅವನ ಪೈಪು ತಾನಾಗೇ ಹೊತ್ತಿಕೊಳ್ಳುತ್ತೆ. ಅವನ ಮಂತ್ರಶಕ್ತಿಯೆಲ್ಲ ಹೋಗಿದೆ. ಮತ್ತೆ ಹೇಗೆ ಹೊತ್ತಿತು ಅಂತ ಪುಸ್ತಕದಲ್ಲಿ ಹೇಳಿಲ್ಲಮ್ಮ. ಆ ಕಡೇ ದೃಶ್ಯ ಜೋರ್ಡನ್ನೇ ಬರೆದಿಟ್ಟು ಹೋದದ್ದು."

ಅಮ್ಮ ಒಂದು ನಿಮಿಷ ಯೋಚಿಸಿದರು. "ಆ ವೈರಿ ಬೀಡಿ ಸೇದೋನೇನೋ? ದೇಹ ಅವನದ್ದಲ್ವಾ, ಜೇಬಲ್ಲಿ ಕಡ್ಡಿಪೊಟ್ಟಣ ಇದ್ದಿರಬೇಕು ನೋಡು."

ಇಷ್ಟರಲ್ಲಿ ರಾಯರು ಎದುರುಮನೆಯ ಪಿಯುಸಿ ಹುಡುಗನಿಗೂ ದೀಕ್ಷೆ ಕೊಟ್ಟಿದ್ದರು. ಈ ಪಂಗಡದವರ ದುಃಖ ಶಮನವಾಗುವುದೇ ಇನ್ನೊಬ್ಬನನ್ನು ಆ ದುಃಖಕ್ಕೆ ಕಳಿಸಿದಾಗ. ಬೆನ್ನು ಮಡಿಸಬಾರದು, ಪುಟದ ಕಿವಿ ಮಡಚಬಾರದು, ಮೊದಲ ನೂರು ಪುಟ ಹೇಗಾದರೂ ತಡೆದುಕೊಳ್ಳಬೇಕು ಎಂಬ ಷರತ್ತಿನ ಮೇಲೆ ಒಂದೊಂದೇ ಸಂಪುಟ ಕೊಡುತ್ತಿದ್ದರು. ಹುಡುಗ ಮೂರನೆಯದರಲ್ಲಿದ್ದ. ರಾಯರು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಎಲ್ಲಿದ್ದೀಯ?" ಎಂದು ಕೂಗುವುದು, ಅವನು ಪುಟದ ಸಂಖ್ಯೆ ಹೇಳುವುದು, ಇವರು ಏನೂ ಹೇಳದೆ ಒಂದು ಗೂಢ ನಗೆ ನಗುವುದು. ಆ ನಗೆಗಾಗಿಯೇ ರಾಯರು ಚೇತರಿಸಿಕೊಳ್ಳುತ್ತಿದ್ದರು.

ಆದರೆ ಅಮ್ಮನಿಗೆ ಈ ಗುಟ್ಟಿನ ಶಾಸ್ತ್ರ ಗೊತ್ತಿಲ್ಲ. ಏಕಾದಶಿಯ ಸಂಜೆ ರಾಯರ ಮಠದ ಜಗಲಿಯ ಮೇಲೆ ಆಕೆ ಎಗ್ವೀನಳ ಕಥೆಯನ್ನು ಹುಟ್ಟಿನಿಂದ ಸಾವಿನವರೆಗೆ ನಾಲ್ಕು ಹೆಂಗಸರಿಗೆ ಹೇಳಿ ಕಣ್ಣೊರೆಸಿಕೊಂಡರು. ಆ ನಾಲ್ವರಲ್ಲಿ ಒಬ್ಬರು ಆ ಹುಡುಗನ ಅಜ್ಜಿ.

ಮರುದಿನ ನಾನು ಮೆಟ್ಟಿಲು ಇಳಿಯುವಾಗ ಕೆಳಗೆ ರಂಪವಾಗುತ್ತಿತ್ತು. "ಎಲ್ಲ ಹಾಳು ಮಾಡಿದೆಯಲ್ಲಮ್ಮ!" ಎಂದು ರಾಯರು ತಲೆಗೆ ಕೈಹೊತ್ತು ನಿಂತಿದ್ದರು. "ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿದ್ದೂ ನಿಮ್ಮ ತಾತ ರಾತ್ರಿಯೆಲ್ಲ ಆಟ ನೋಡಿಕೊಂಡು ಬರ್ತಿರಲಿಲ್ವೇನೋ" ಎಂದು ಅಮ್ಮ ಒಳಗಿನಿಂದಲೇ ಉತ್ತರಿಸುತ್ತಿದ್ದರು. ಹುಡುಗ ಮೂರನೆಯ ಸಂಪುಟವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದ. ರಾಯರು ಅವನ ಹೆಗಲ ಮೇಲೆ ಕೈಯಿಟ್ಟು, ಸಾವಿನ ಮನೆಯ ದನಿಯಲ್ಲಿ, "ಬೇಜಾರು ಮಾಡ್ಕೋಬೇಡ ಮರಿ" ಎಂದರು.

"ಇಲ್ಲ ಅಂಕಲ್" ಎಂದ ಹುಡುಗ. "ಅಜ್ಜಿ ಹೇಳಿದ್ದು ಕೇಳಿ ಸಖತ್ತಾಗಿದೆ ಅನ್ನಿಸ್ತು. ಈ ನಡುವಿನವೆಲ್ಲ ಬೇಡ. ಸೀದಾ ಹದಿನಾಲ್ಕನೇದೇ ಕೊಟ್ಟುಬಿಡಿ."