625ಕ್ಕೆ 1150 ಅಂಕ

ಹಳೇ ಡಿಜಿಟಲ್ ಕ್ಯಾಮೆರಾಗಳಿಗೆ ಈಗ ಮತ್ತೆ ಶುಕ್ರದೆಸೆ. ಅಪ್ಪ ಇಪ್ಪತ್ತು ವರ್ಷದ ಹಿಂದೆ ಕೊಂಡಿದ್ದ, ಮೊಬೈಲ್ ಬಂದ ಮೇಲೆ ಬೀರುವಿನ ಮೂಲೆ ಸೇರಿದ್ದ ಡಬ್ಬಿಯನ್ನು ಮಗಳು ಹೊರಗೆಳೆದಿದ್ದಾಳೆ. ಅದರಲ್ಲಿ ಬರುವ ಫೋಟೊ ಒಂಚೂರು ಮಸುಕು, ಮುಖದ ಮೇಲೆಲ್ಲ ಫ್ಲ್ಯಾಶಿನ ಬಿಳುಪು. ಇನ್‌ಸ್ಟಾಗ್ರಾಮಿನಲ್ಲಿ ಅದೇ ಈಗ ಚೆಂದ. ಕ್ಯಾಮೆರಾ ಹೇಗೂ ಪುಕ್ಕಟೆ ಸಿಕ್ಕಿತು. ಬೇಕಾಗಿರುವುದು ಎರಡೇ ಎರಡು ಪೆನ್ಸಿಲ್ ಸೆಲ್ಲು.

ಮೂಲೆ ಅಂಗಡಿಯಿಂದ ತಂದು ಹಾಕುತ್ತಾಳೆ. ಕ್ಯಾಮೆರಾ ಎಚ್ಚರಗೊಳ್ಳುತ್ತದೆ, ಕೊರ್ ಎಂದು ಲೆನ್ಸ್ ಹೊರಚಾಚುತ್ತದೆ, ಒಂದು ಫೋಟೊ ತೆಗೆಯುತ್ತದೆ, ‘ಬ್ಯಾಟರಿ ಬದಲಿಸಿ’ ಎಂದು ಅಪ್ಪಣೆ ಕೊಡಿಸಿ ಮತ್ತೆ ಮಲಗುತ್ತದೆ. ಮನೆಯವರೆಲ್ಲ ಸೇರಿ ಅಂಗಡಿಯವನಿಗೆ ಶಾಪ ಹಾಕುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ. ಅವನು ಕೊಟ್ಟದ್ದು ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ಲು. ಗಡಿಯಾರ ಹನಿ ಹನಿಯಾಗಿ ಕರೆಂಟು ಎಳೆಯುತ್ತದೆ. ಕ್ಯಾಮೆರಾಕ್ಕೆ ಲೆನ್ಸಿನ ಮೋಟರು, ಪರದೆ, ಫ್ಲ್ಯಾಶು ಎಲ್ಲಕ್ಕೂ ಒಟ್ಟಿಗೇ ಬೇಕು. ಅಷ್ಟನ್ನು ಒಮ್ಮೆಲೇ ಎಳೆದಾಗ ಸೆಲ್ಲಿನ ಒಳಗಿನ ತಡೆಯಿಂದ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಅದನ್ನು ಸಾವು ಎಂದು ತೀರ್ಮಾನಿಸುತ್ತದೆ. ಅದೇ ‘ಹೆಣ’ವನ್ನು ಗಡಿಯಾರಕ್ಕೆ ಹಾಕಿ ನೋಡಿ, ತಿಂಗಳುಗಟ್ಟಲೆ ಟಿಕ್ ಟಿಕ್ ಎನ್ನುತ್ತದೆ.

ಆಗ ಯಾರೋ ತಿಳಿದವರು ಬುದ್ಧಿ ಹೇಳುತ್ತಾರೆ: ರೀಚಾರ್ಜ್ ಮಾಡುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ತನ್ನಿ. ಮನೆ ಯಜಮಾನರು ಸೀದಾ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುತ್ತಾರೆ. ಇಂಥ ವ್ಯಾಪಾರ ಅಲ್ಲಿ ಹೀಗೆ ನಡೆಯುತ್ತದೆ:

‘ಇದರ ಮೇಲೆ 1.2 ವೋಲ್ಟ್ ಅಂತ ಇದೆಯಲ್ರೀ? ಮಾಮೂಲಿ ಸೆಲ್ಲಲ್ಲೇ 1.5 ಇರುತ್ತೆ. ಕಮ್ಮಿ ಇರೋದಕ್ಕೆ ಜಾಸ್ತಿ ದುಡ್ಡು ಕೊಡಲಾ? ನನ್ನನ್ನೇನು ಹಳ್ಳಿ ಗುಗ್ಗು ಅಂದ್ಕೊಂಡ್ರಾ?’

‘ಅಯ್ಯೋ ಇಲ್ಲಾ ಸಾರ್. ಅದು ಬೇಡ ಬಿಡಿ. ಇದು ನೋಡಿ, 4600 ಎಂಎಎಚ್. ಇಡೀ ಮಾರ್ಕೆಟ್ಟಲ್ಲಿ ಇಷ್ಟು ಪವರ್ ಯಾರ ಹತ್ರಾನೂ ಇಲ್ಲ. ಚಾರ್ಜರ್ ಫ್ರೀ.’

‘ಹಾಂ, ಇದು ಮಾತು!’

ನಮ್ಮ ಗಿರಾಕಿಯ ಜಾಣತನಕ್ಕೆ ಇಲ್ಲೊಂದು ನಮಸ್ಕಾರ ಹಾಕಲೇಬೇಕು. ಅಂಗಡಿಯಲ್ಲಿದ್ದ ಸತ್ಯವಾದ ಅಂಕಿ ಒಂದೇ, 1.2. ಅದನ್ನು ಅನುಮಾನಿಸಿದರು. ಅಂಗಡಿಯಲ್ಲಿದ್ದ ಅತಿ ದೊಡ್ಡ ಸುಳ್ಳು 4600. ಅದನ್ನು ಅಪ್ಪಿಕೊಂಡರು. 1.5 ಎಂದು ಶುರುವಾಗುವ ಮಾಮೂಲಿ ಸೆಲ್ಲು ಮೊದಲ ನಿಮಿಷದಿಂದಲೇ ಇಳಿಯತೊಡಗುತ್ತದೆ, 1.2ರದ್ದು ಖಾಲಿಯಾಗುವ ಹೊತ್ತಿನವರೆಗೂ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತದೆ. ಆದರೆ ನಿಂತ ನಿಲುವಿಗೆ ನಮ್ಮಲ್ಲಿ ಬೆಲೆ ಎಲ್ಲಿದೆ? ಆರಂಭದ ಅಬ್ಬರ ಇರಬೇಕು.

ಇನ್ನು ಎಂಎಎಚ್, ಅಂದರೆ ಸೆಲ್ಲಿನ ಹೊಟ್ಟೆಯಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಲೆಕ್ಕದ ವಿಚಾರ. ಹೆಸರಾಂತ ಕಂಪನಿಗಳು ದಶಕಗಟ್ಟಲೆ ಬೆವರು ಸುರಿಸಿ ಪೆನ್ಸಿಲ್ ಸೆಲ್ಲಿನ ಗಾತ್ರದೊಳಗೆ ತುಂಬಿಸಿರುವುದು 2500ರ ಆಸುಪಾಸು, ಉಸಿರು ಬಿಗಿಹಿಡಿದರೆ ಇನ್ನೊಂದಿಷ್ಟು. ಹೀಗಿರುವಾಗ 4600 ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 1150 ಅಂಕ ತೆಗೆದ ಹಾಗೆ. ಅಂಥ ಅಂಕಪಟ್ಟಿ ತಂದರೆ ನಾವು ಮಗನ ಕಿವಿ ಹಿಂಡುತ್ತೇವೆ. ಸೆಲ್ಲು ತಂದರೆ ಬಿಲ್ಲು ಕೂಡ ಕೇಳದೆ ಜೇಬಿಗಿಳಿಸುತ್ತೇವೆ. ಈ ಮಹಾ ಪ್ರತಿಭಾವಂತನ ಬಣ್ಣ ಬಯಲು ಮಾಡಲು ಪ್ರಯೋಗಾಲಯ ಬೇಡ, ಅಡುಗೆಮನೆಯ ಚಿಕ್ಕ ತಕ್ಕಡಿ ಸಾಕು. ಒಳ್ಳೆಯ ಸೆಲ್ಲು 26ರಿಂದ 30 ಗ್ರಾಂ ತೂಗುತ್ತದೆ. ಅಬ್ಬರದ ಸೆಲ್ಲು ಎಷ್ಟೋ ಸಲ 20 ಗ್ರಾಮನ್ನೂ ಮುಟ್ಟುವುದಿಲ್ಲ. ಒಳಗೆ ಸರಕು ಕಡಿಮೆಯಾದಷ್ಟೂ ಹೊರಗಿನ ಅಕ್ಷರ ದಪ್ಪ.

ಇದಕ್ಕೆ ತದ್ವಿರುದ್ಧ ಇನ್ನೊಂದು ಜಾತಿ. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ‘ಎನಿಲೂಪ್’ ಎಂಬ ಬಿಳಿ ಸೆಲ್ಲು ತಂದಿತು. ಅದುವರೆಗಿನ ಸೆಲ್ಲುಗಳು ತುಂಬಿಟ್ಟರೂ ಸುಮ್ಮನೆ ಕೂತಲ್ಲೇ ತಿಂಗಳಿಗೆ ಶೇ 20–30ರಷ್ಟು ಕಳೆದುಕೊಳ್ಳುತ್ತಿದ್ದವು. ದೀಪಾವಳಿಗೆ ತುಂಬಿಸಿಟ್ಟರೆ ಸಂಕ್ರಾಂತಿಗೆ ಅರ್ಧ ಖಾಲಿ. ಹೊಸ ಸೆಲ್ಲು ಒಂದು ವರ್ಷ ಕಳೆದ ಮೇಲೂ ಶೇ 85 ಉಳಿಸಿಕೊಳ್ಳುತ್ತದೆ ಎಂದು ಕಂಪನಿ ಹೇಳಿತು. ಬಳಸಿದವರು ತಲೆದೂಗಿದರು. ಮುಂದೆ ಸ್ಯಾನ್ಯೊ ಪ್ಯಾನಸೋನಿಕ್ ಕೈಸೇರಿತು, ಸೆಲ್ಲು ಉಳಿಯಿತು, ಬೇರೆಯವರೂ ಅದೇ ಬಗೆಯದನ್ನು ಮಾಡತೊಡಗಿದರು. ಆದರೆ ಅದರ ಮೈಮೇಲೆ ಅಚ್ಚಾಗಿದ್ದ ಅಂಕಿ ಬರೀ 2000. ಹಾಗಾಗಿ ನಮ್ಮ ಯಜಮಾನರು ಅದರ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕು ದಿನಕ್ಕೆ ಸೋರಿಹೋಗುವ 4600, ವರ್ಷವಿಡೀ ನಿಲ್ಲುವ 2000ಕ್ಕಿಂತ ದೊಡ್ಡದು ಎಂಬುದು ಅವರ ಗಣಿತ.

ಅದೇ ಮನೆತನದಲ್ಲಿ 2500ರ ಕಪ್ಪು ಸೆಲ್ಲೂ ಉಂಟು. ಅದನ್ನು 500 ಸಲ ಚಾರ್ಜ್ ಮಾಡಬಹುದು ಎನ್ನುತ್ತದೆ ಕಂಪನಿ. ಬಿಳಿಯದನ್ನು 2100 ಸಲ. ವಾರಕ್ಕೊಮ್ಮೆ ಚಾರ್ಜ್ ಮಾಡಿದರೂ 2100 ಸಲ ಮುಗಿಯಲು ನಲವತ್ತು ವರ್ಷ ಬೇಕು. ಆ ಹೊತ್ತಿಗೆ ಕ್ಯಾಮೆರಾ, ಕ್ಯಾಮೆರಾ ಮಾಡಿದ ಕಂಪನಿ ಎರಡೂ ಇರುತ್ತವೆಂಬ ಖಾತ್ರಿ ಇಲ್ಲ. ಉಯಿಲಿನಲ್ಲಿ ಸೈಟಿನ ಜೊತೆ ‘ಹಿರಿಯ ಮಗನಿಗೆ ನಾಲ್ಕು ಸೆಲ್ಲು’ ಎಂದೂ ಒಂದು ಸಾಲು ಸೇರಿಸಿಕೊಳ್ಳಬಹುದು.

ಆದರೆ ಆ ನಲವತ್ತು ವರ್ಷವನ್ನು ನಾಲ್ಕು ತಿಂಗಳಿಗೆ ಇಳಿಸುವ ಯಂತ್ರ ಆಗಲೇ ಮನೆಗೆ ಬಂದಿದೆ. ಅದೇ ‘ಫ್ರೀ’ ಚಾರ್ಜರ್. ಅದರಲ್ಲಿ ಸೆಲ್ಲುಗಳು ಜೋಡಿ ಜೋಡಿಯಾಗಿಯೇ ಕೂರಬೇಕು. ಜೋಡಿಯಲ್ಲಿ ಒಂದು ಅರ್ಧ ತುಂಬಿದ್ದು, ಇನ್ನೊಂದು ಪೂರ್ತಿ ಖಾಲಿ ಇದ್ದರೂ ಎರಡಕ್ಕೂ ಒಂದೇ ಔಷಧ: ಒಂದಕ್ಕೆ ಹೊಟ್ಟೆ ಒಡೆಯುವಷ್ಟು, ಇನ್ನೊಂದಕ್ಕೆ ಅರೆಹೊಟ್ಟೆ. ಸೆಲ್ಲು ತುಂಬಿದ ಗಳಿಗೆಯಲ್ಲಿ ಅದರ ವೋಲ್ಟೇಜ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಒಳ್ಳೆಯ ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸಿ, ಆ ಇಳಿತ ಕಂಡ ಕೂಡಲೇ ಕೈ ಬಿಡುತ್ತದೆ. ಫ್ರೀ ಚಾರ್ಜರಿಗೆ ಇದ್ಯಾವುದೂ ತಿಳಿಯದು. ಅದಕ್ಕಿರುವುದು ಒಂದು ಕೆಂಪು ದೀಪ. ಸೆಲ್ಲು ಖಾಲಿಯಿದ್ದರೂ ಕೆಂಪು, ತುಂಬಿದರೂ ಕೆಂಪು, ಸತ್ತರೂ ಕೆಂಪು. ‘ಬೆಳಿಗ್ಗೆವರೆಗೂ ಇರಲಿ ಬಿಡು, ಚೆನ್ನಾಗಿ ಏರಲಿ’ ಎಂದು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರ ಒಮ್ಮತ. ಬೆಳಿಗ್ಗೆ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ‘ನೋಡಿ, ಎಷ್ಟು ಚೆನ್ನಾಗಿ ಚಾರ್ಜ್ ಆಗಿದೆ!’

ಈ ವಿಚಾರದಲ್ಲಿ ನಾಡಿನಲ್ಲಿ ಯಾರಾದರೂ ಪಂಡಿತರಿದ್ದರೆ ಅವರು ಮದುವೆ ಫೋಟೊಗ್ರಾಫರುಗಳು. ಅವರ ಕ್ಯಾಮೆರಾಕ್ಕೆ ಲಿಥಿಯಂ ಬ್ಯಾಟರಿ ಬಂದು ಎಷ್ಟೋ ಕಾಲವಾಯಿತು; ಆದರೆ ತಲೆಯ ಮೇಲಿನ ಫ್ಲ್ಯಾಶಿಗೆ ಹಲವು ಕಡೆ ಇಂದಿಗೂ ನಾಲ್ಕು ಪೆನ್ಸಿಲ್ ಸೆಲ್ಲೇ ಗತಿ. ಸೆಲ್ಲು ದಣಿದರೆ ಒಂದು ಫ್ಲ್ಯಾಶಿಗೂ ಇನ್ನೊಂದಕ್ಕೂ ನಡುವೆ ಹತ್ತು ಸೆಕೆಂಡು ಕಾಯಬೇಕು. ಪುರೋಹಿತರು ಕಾಯುವುದಿಲ್ಲ, ಮುಹೂರ್ತವಂತೂ ಕಾಯುವುದೇ ಇಲ್ಲ. ‘ಇನ್ನೊಂದ್ ಸಲ ಧಾರೆ ಎರೀರಿ’ ಎಂದು ಹೆಣ್ಣಿನ ತಂದೆಗೆ ಹೇಳುವ ಗಂಡೆದೆ ಯಾರಿಗಿದೆ? ಆದ್ದರಿಂದ ಅನುಭವಸ್ಥ ಫೋಟೊಗ್ರಾಫರನ ಚೀಲ ತೆರೆದು ನೋಡಿ: ನಾಲ್ಕು ನಾಲ್ಕರಂತೆ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದು ಸೆಲ್ಲಿನ ಮೇಲೂ ಮಾರ್ಕರಿನಲ್ಲಿ ಗುಂಪಿನ ಅಕ್ಷರ, ಕೊಂಡ ತಿಂಗಳು, ವರ್ಷ. ಒಂದು ಗುಂಪಿನ ಸೆಲ್ಲನ್ನು ಇನ್ನೊಂದರ ಜೊತೆ ಅವನು ಸೇರಿಸುವುದಿಲ್ಲ. ನಾಲ್ಕರಲ್ಲಿ ಒಂದು ಮುದಿಯಾದರೆ ಉಳಿದ ಮೂರು ಸೇರಿ ಅದನ್ನು ತಿರುಗಾಮುರುಗಾ ದಬ್ಬಿ ಕೊಂದೇಬಿಡುತ್ತವೆಂದು ಅವನಿಗೆ ಗೊತ್ತು. ಅವನ ಸೆಲ್ಲಿನ ಮೇಲೆ 4600 ಎಂದು ಇರುವುದಿಲ್ಲ ಎಂಬುದನ್ನೂ ಗಮನಿಸಿ.

ಕ್ಯಾಮೆರಾ ಕಂಪನಿಗಳಿಗಾದರೋ ಪೆನ್ಸಿಲ್ ಸೆಲ್ಲಿನ ಈ ಸಮಾಜವಾದ ಹಿಡಿಸಲಿಲ್ಲ. ಯಾವ ಊರಿನ ಯಾವ ಅಂಗಡಿಯಲ್ಲಾದರೂ ಸಿಗುವ ವಸ್ತುವಿನಿಂದ ಕ್ಯಾಮೆರಾ ನಡೆಯುವುದೆಂದರೇನು! ಲಿಥಿಯಂ ಬ್ಯಾಟರಿ ಹಗುರ, ಶಕ್ತಿ ಹೆಚ್ಚು, ನಿಜ. ಆದರೆ ಮಾಡೆಲ್ ಬದಲಾದಾಗ ಅದರ ಮೂಲೆಯೊಂದು ಯಾಕೆ ಅರ್ಧ ಮಿಲಿಮೀಟರ್ ಬದಲಾಗುತ್ತದೆ, ಹಳೇ ಚಾರ್ಜರಿನಲ್ಲಿ ಹೊಸದು ಯಾಕೆ ಕೂರುವುದಿಲ್ಲ ಎಂದು ಮಾತ್ರ ಕೇಳಬಾರದು, ಅದು ಸಂಶೋಧನೆ. ಆ ಸಂಶೋಧನೆಯ ಬೆನ್ನಿಗೇ ನಕಲಿ ಬ್ಯಾಟರಿಯವರ ಸಂಶೋಧನೆಯೂ ನಡೆದಿರುತ್ತದೆ.

ಕಡೆಗೆ ಸತ್ತ ಸೆಲ್ಲುಗಳ ಗತಿ. ಕೇಂದ್ರ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯದ ಹೊಸ ನಿಯಮ ತಂದು, ತಯಾರಿಸಿದವರೇ ವಾಪಸು ಸಂಗ್ರಹಿಸಬೇಕೆಂದು ಹೇಳಿದೆ. ಇದನ್ನು ನಂಬಿ ಅಂಗಡಿಗೆ ಒಯ್ದರೆ ಅಂಗಡಿಯವನು ಎಂಟನೆಯ ಅದ್ಭುತ ಕಂಡಂತೆ ನಿಮ್ಮ ಮುಖ ನೋಡಿ, ಎದುರಿನ ಕಸದ ರಾಶಿಯತ್ತ ಬೆರಳು ತೋರುತ್ತಾನೆ. ಅಲ್ಲಿ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಕೊಳ್ಳುವುದೇ ಆದರೆ ಮೊದಲು ಚಾರ್ಜರ್ ಆರಿಸಿ: ನಾಲ್ಕು ಮನೆ, ನಾಲ್ಕಕ್ಕೂ ಬೇರೆ ಬೇರೆ ದೀಪ, ತುಂಬಿದ ಕೂಡಲೇ ತಾನಾಗಿ ನಿಲ್ಲುವಂಥದ್ದು. ಆಮೇಲೆ 2000ದ ಸುಮಾರಿನ, ಬೇಗ ಸೋರದ ಸೆಲ್ಲು ನಾಲ್ಕು. ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜರಿಗೇ ಹೋದರೆ ವ್ಯಾಪಾರ ಸರಿಯಾಯಿತೆಂದು ತಿಳಿಯಿರಿ. ಅಂಗಡಿಯವನು ‘ಚಾರ್ಜರ್ ಫ್ರೀ ಸಾರ್’ ಎಂದರೆ, ಸೆಲ್ಲನ್ನೂ ಅಲ್ಲೇ ಬಿಟ್ಟು ಬನ್ನಿ.